ರೇಡಿಯೋ ಬಿಸಿಯಾಗುವಷ್ಟರಲ್ಲಿ

ನಾನು ಸೆಕೆಂಡುಗಳನ್ನು ಉಳಿಸಿ ಹೊಟ್ಟೆ ಹೊರೆಯುವ ಮನುಷ್ಯ. ತಮಾಷೆಗೆ ಹೇಳುತ್ತಿಲ್ಲ. ಪೀಣ್ಯದಲ್ಲಿ ನೀರಿನ ಪಂಪುಗಳ ಮೋಟಾರು ಜೋಡಿಸುವ ಒಂದು ಕಾರ್ಖಾನೆಯಿದೆ. ಅಲ್ಲಿ ಕೊರಳಿಗೆ ಸ್ಟಾಪ್‌ವಾಚು ತೂಗುಹಾಕಿಕೊಂಡು, ಕೈಯಲ್ಲಿ ಹಾಳೆ ಸಿಕ್ಕಿಸಿದ ರಟ್ಟು ಹಿಡಿದು, ಕೆಲಸ ಮಾಡುವವರ ಪಕ್ಕದಲ್ಲಿ ಏನೂ ಮಾಡದೆ ನಿಲ್ಲುವುದೇ ನನ್ನ ಕೆಲಸ. ಯಾರು ಸ್ಪ್ಯಾನರಿಗೆ ಎಷ್ಟು ದೂರ ಕೈ ಚಾಚಿದರು, ಯಾರು ನಟ್ಟು ಹುಡುಕುತ್ತಾ ಎಷ್ಟು ಹೊತ್ತು ನಿಂತರು ಎಂಬುದನ್ನೆಲ್ಲ ಬರೆದುಕೊಂಡು, ಅದರಲ್ಲಿ ಕತ್ತರಿಸಬಹುದಾದದ್ದನ್ನು ಕತ್ತರಿಸುತ್ತೇನೆ. ಈಗೀಗ ಪೀಣ್ಯದ ಎಲ್ಲ ಮಾಲೀಕರಿಗೂ ಜಪಾನಿನವರಂತೆ ಹೊತ್ತು ಉಳಿಸುವ ಹುಚ್ಚು ಹಿಡಿದಿರುವುದರಿಂದ ನನಗೆ ಒಳ್ಳೆಯ ಕಾಲ. ಕೆಲಸಗಾರರು ನನ್ನನ್ನು ಎದುರಿಗೆ ಸಾರ್ ಎಂದೂ ಹಿಂದಿನಿಂದ ವಾಚಪ್ಪ ಎಂದೂ ಕರೆಯುತ್ತಾರೆ. ಉಳಿಸಿದ ಸೆಕೆಂಡುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಯಾರೂ ಕೇಳಿಲ್ಲ.

ಈ ಚಟ ಮನೆಗೂ ಬಂದುಬಿಟ್ಟಿದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಒಂದು ಭಾನುವಾರ ನನ್ನ ಹೆಂಡತಿ ಗಿರಿಜಾ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ನಿಂತು ಲೆಕ್ಕ ಹಾಕಿ, ನೀರಿನ ಬಟ್ಟಲನ್ನು ಎಡಗಡೆಗೆ ಇಟ್ಟುಕೊಂಡರೆ ರೊಟ್ಟಿಗೆ ನಾಲ್ಕು ಸೆಕೆಂಡು ಉಳಿಯುತ್ತದೆ ಎಂದು ತಿಳಿಸಿದೆ. ಮರುದಿನದಿಂದ ಒಂದು ವಾರ ಮನೆಯಲ್ಲಿ ಎರಡು ಹೊತ್ತೂ ಉಪ್ಪಿಟ್ಟು. ಕೇಳಿದ್ದಕ್ಕೆ, ಇದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು ಎಂದಳು. ಅಷ್ಟಾದರೂ ಬುದ್ಧಿ ಬಾರದ ನಾನು, ಮುಂದೆ ಅಪ್ಪನ ರೇಡಿಯೋಕ್ಕೆ ಕೈ ಹಾಕಿದೆ.

ಅಪ್ಪ ಗದಗಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ತೂಕದ ಗುಮಾಸ್ತರಾಗಿದ್ದರು. ದಿನವಿಡೀ ಹತ್ತಿಯ ಅಂಡಿಗೆಗಳ ತೂಕ ಕೂಗಿ ಕೂಗಿ ಸಂಜೆ ಮನೆಗೆ ಬರುವಷ್ಟರಲ್ಲಿ ಅವರ ಮಾತಿನ ಚೀಲ ಖಾಲಿಯಾಗಿರುತ್ತಿತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ನೇರವಾಗಿ ರೇಡಿಯೋದ ಮುಂದೆ ಕೂರುತ್ತಿದ್ದರು. ಅದು ಹಳೆಯ ಕಾಲದ ವಾಲ್ವ್ ರೇಡಿಯೋ. ತೇಗದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ಮೂಲೆಯಲ್ಲಿ ನಿಧಾನವಾಗಿ ತೆರೆದುಕೊಳ್ಳುವ ಒಂದು ಹಸಿರು ಬೆಳಕಿನ ಕಣ್ಣು. ಅದರ ಸ್ವಿಚ್ಚು ತಿರುಗಿಸಿದರೆ ಕೂಡಲೇ ದನಿ ಬರುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲಷ್ಟೇ ಅದು ಬಾಯಿ ಬಿಡುತ್ತಿತ್ತು. ಅದಕ್ಕೆ ನಲವತ್ತು ಸೆಕೆಂಡು ಬೇಕು. ಆ ನಲವತ್ತು ಸೆಕೆಂಡುಗಳಲ್ಲಿ ಮಾತ್ರ ಅಪ್ಪ ನಮ್ಮ ಕಡೆ ತಿರುಗಿ, "ಹೂಂ, ಇವತ್ತೇನಾತು, ಹೇಳ್ರಿ" ಎನ್ನುತ್ತಿದ್ದರು. ಮೊದಲು ಅಕ್ಕ, ಆಮೇಲೆ ನಾನು, ಆಮೇಲೆ ತಮ್ಮ, ಕೊನೆಗೆ ಅವ್ವ. ಇದು ಪಾಳಿ. ದನಿ ಬಂತೆಂದರೆ ಅಪ್ಪ ಒಂದು ಬೆರಳು ಎತ್ತುತ್ತಿದ್ದರು. ಬೆರಳೆತ್ತಿದ ಮೇಲೆ ಯಾರೂ ಉಸಿರೆತ್ತುವಂತಿಲ್ಲ.

ನಮ್ಮಲ್ಲಿ ಅಕ್ಕ ಮಾತಿನಲ್ಲಿ ಹಿಡಿತದವಳು, ತಮ್ಮ ಒಂದೇ ಶಬ್ದದಲ್ಲಿ ಮುಗಿಸುವವನು. ನಾನು ಮಾತ್ರ ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು, ಯಾಕೆ ಹೊಡೆದರು, ಅದಕ್ಕೂ ಮೊದಲು ಏನಾಗಿತ್ತು ಎಂದೆಲ್ಲ ಬುಡದಿಂದ ಹೇಳಬೇಕು. ನಾನು ಮುಗಿಸಿ, ತಮ್ಮ ಒಂದು ಶಬ್ದ ಹೇಳಿ, ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತ ಅವ್ವ ಬಾಯಿ ತೆರೆಯುವಷ್ಟರಲ್ಲಿ ಹಾಡು ಬಂದುಬಿಡುತ್ತಿತ್ತು. ಅಪ್ಪನ ಬೆರಳು ಮೇಲೇಳುತ್ತಿತ್ತು. ಅವ್ವ "ಇರ್ಲಿ ಬಿಡ್ರಿ" ಎಂದು ಒಳಗೆ ಹೋಗುತ್ತಿದ್ದಳು. ಇದು ಎಷ್ಟು ವರ್ಷ ನಡೆಯಿತೋ ನನಗೆ ತಿಳಿಯದು. ಅಪ್ಪ ತೀರಿಕೊಂಡ ಮೇಲೆ ನನಗೆ ಅವರ ಮುಖಕ್ಕಿಂತ ಆ ಪ್ರಶ್ನೆಯೇ ಹೆಚ್ಚು ನೆನಪಾಗುತ್ತದೆ. ಇವತ್ತೇನಾತು ಎಂದು ಹಾಗೆ ಕೇಳುವವರು ಆಮೇಲೆ ನನಗೆ ಸಿಗಲಿಲ್ಲ.

ಅವ್ವ ನಮ್ಮ ಜೊತೆಗಿರಲು ಪೀಣ್ಯದ ಪಕ್ಕದ ರಾಜಗೋಪಾಲನಗರಕ್ಕೆ ಬಂದಾಗ ಒಂದು ಟ್ರಂಕು ಮತ್ತು ಹಳೆಯ ಕೌದಿಯಲ್ಲಿ ಸುತ್ತಿದ ರೇಡಿಯೋ ತಂದಿದ್ದಳು. ಅದು ಅಷ್ಟರಲ್ಲಿ ಪೂರ್ತಿ ಮೂಕವಾಗಿತ್ತು. ಹಲವು ವರ್ಷ ಬೀರುವಿನ ಮೇಲೆ ಕೂತಿತ್ತು. ಮನೆಗೆ ಕೇಬಲ್ ಟೀವಿ ಬಂದ ತಿಂಗಳು ಅವ್ವ ಇದ್ದಕ್ಕಿದ್ದಂತೆ, "ಅದನ್ನೊಮ್ಮೆ ಮಾತಾಡೂ ಹಂಗ ಮಾಡಿಸಿ ಕೊಡಪಾ. ಹಾಡು ಹೆಂಗರ ಬರ್ಲಿ, ಚಿಂತಿಲ್ಲ" ಎಂದಳು. ಟೀವಿಯ ಗದ್ದಲಕ್ಕೆ ಬೇಸತ್ತಿದ್ದಾಳೆ ಎಂದುಕೊಂಡೆ.

ನಮ್ಮ ಬೀದಿಯ ತುದಿಯಲ್ಲಿ ನಂಜಪ್ಪನವರ ರಿಪೇರಿ ಅಂಗಡಿಯಿದೆ. ಯಾವುದೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಗುವುದಿಲ್ಲ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ, "ನೋಡಾಣ" ಎನ್ನುತ್ತಾರೆ. ರೇಡಿಯೋದ ಬೆನ್ನು ಬಿಚ್ಚಿ, ಜೇಡರ ಬಲೆ ಊದಿ, ಬಹಳ ಹೊತ್ತು ಒಳಗೆ ಇಣುಕಿ, "ಇದು ಕೆಟ್ಟಿಲ್ಲ ಸಾರ್, ಮಲ್ಗಿದೆ ಅಷ್ಟೆ" ಎಂದರು. ಎಬ್ಬಿಸಲು ಎರಡು ತಿಂಗಳು ಹಿಡಿಯಿತು. ಹಳೆಯ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸವನ್ನು ಬೆಸೆದರು. ಒಂದು ವಾಲ್ವು ಸತ್ತಿತ್ತು. ಅಂಥದ್ದೇ ಇನ್ನೊಂದಕ್ಕಾಗಿ ನಾನು ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಮೂರು ಶನಿವಾರ ಅಲೆದೆ. ಕೊನೆಗೊಂದು ದಿನ ನಂಜಪ್ಪನವರ ಮೇಜಿನ ಮೇಲೆ ಹಸಿರು ಕಣ್ಣು ನಿಧಾನವಾಗಿ ತೆರೆದುಕೊಂಡಾಗ ನಾನು ಮುಖ ಆಚೆ ತಿರುಗಿಸಿಕೊಂಡು, ಇಲ್ಲಿ ಬೆಸುಗೆಯ ಹೊಗೆ ಜಾಸ್ತಿ ಎಂದೆ.

ಅಂದಿನಿಂದ ಅವ್ವ ದಿನಾ ಸಂಜೆ ದೀಪ ಹಚ್ಚಿದ ಮೇಲೆ ರೇಡಿಯೋದ ಮುಂದೆ ಕೂರತೊಡಗಿದಳು. ನಾನು ಚಪ್ಪಲಿ ಬಿಡುವ ಹೊತ್ತಿಗೆ ಒಳಗಿನಿಂದ ಏನೋ ಗುನುಗುವುದು ಕೇಳುತ್ತಿತ್ತು. ವಚನ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಪೇಪರು ಹಿಡಿದು ಕೂರುತ್ತಿದ್ದೆ. ಅಲ್ಲಿಗೇ ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಕೊರಳಿನ ಸ್ಟಾಪ್‌ವಾಚು ಸುಮ್ಮನಿರಬೇಕಲ್ಲ. ಒಂದು ಸಂಜೆ ಅಳೆದು ನೋಡಿದೆ: ಸರಿಯಾಗಿ ನಲವತ್ತೊಂದು ಸೆಕೆಂಡು. ನನ್ನ ರಟ್ಟಿನ ಹಾಳೆಯಲ್ಲಿ 'ಕಾಯುವಿಕೆ' ಎಂಬ ಒಂದು ಅಂಕಣವಿದೆ. ಅದರಲ್ಲಿ ಬರೆದದ್ದನ್ನೆಲ್ಲ ಕೆಂಪು ಶಾಯಿಯಿಂದ ಸುತ್ತಬೇಕು, ಸುತ್ತಿದ್ದನ್ನೆಲ್ಲ ಅಳಿಸಬೇಕು. ನನಗಿರುವ ವಿದ್ಯೆ ಅದೊಂದೇ. ಪಾಪ, ವಯಸ್ಸಾದವಳು ಒಂದು ಹಾಡಿಗಾಗಿ ಇಷ್ಟು ಹೊತ್ತು ಕಾಯಬೇಕೇ ಎಂದು ಕರುಣೆಯೂ ಉಕ್ಕಿತು. ಚಿಕ್ಕವನಿದ್ದಾಗ ಅದೇ ಹೊತ್ತಿಗಾಗಿ ದಿನವಿಡೀ ಕಾದವನು ನಾನೇ ಎಂಬುದು ಆ ಕ್ಷಣ ತಲೆಗೆ ಹೊಳೆಯಲೇ ಇಲ್ಲ.

ನಂಜಪ್ಪನವರ ಬಳಿ ಹೋಗಿ, ಇದನ್ನು ಸ್ವಲ್ಪ ಸುಧಾರಿಸೋಣ ಎಂದೆ. ಅವರು ದೊಡ್ಡ ಸ್ಪೀಕರು ಹಾಕಿದರು. ಹಿಂದೆ ಗ್ರಾಮಫೋನಿಗೆಂದು ಇದ್ದ ಎರಡು ತೂತುಗಳಿಗೆ ಟೇಪ್‌ರೆಕಾರ್ಡರ್ ಸಿಕ್ಕಿಸಲು ವ್ಯವಸ್ಥೆ ಮಾಡಿದರು. ಕಾಯುವಿಕೆಗೆ ಮದ್ದು ಕಂಡುಹಿಡಿದವನು ಮಾತ್ರ ನಾನೇ. ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಪರಿಚಯದವರಿಂದ ಚಿಕ್ಕದೊಂದನ್ನು ಸುತ್ತಿಸಿ ತಂದೆ. ಅದನ್ನು ಒಳಗೆ ಕೂರಿಸಿದ ಮೇಲೆ, ರೇಡಿಯೋ ಆರಿಸಿದಾಗಲೂ ವಾಲ್ವುಗಳು ಆರದೆ ಬಿಸಿಯಾಗಿಯೇ ಇರುತ್ತಿದ್ದವು. ಸ್ವಿಚ್ಚು ಮುಟ್ಟಿದರೆ ಸಾಕು, ಹಾಡು. ನಲವತ್ತೊಂದರಿಂದ ಸೊನ್ನೆ. ನನ್ನ ಇಡೀ ವೃತ್ತಿಯಲ್ಲಿ ಅಂಥ ಸಾಧನೆ ಇನ್ನೊಂದಿಲ್ಲ. ಮರುದಿನ ಕಾರ್ಖಾನೆಯಲ್ಲಿ ಇಬ್ಬರು ಮೂವರಿಗೆ ಹೇಳಿಕೊಂಡು ತಿರುಗಿದ್ದೂ ಉಂಟು.

ಅವ್ವ ಮೊದಲ ಸಂಜೆ ಸ್ವಿಚ್ಚು ತಿರುಗಿಸಿದವಳು ಬೆಚ್ಚಿ ಕೈ ಹಿಂದೆಗೆದಳು. ಎರಡನೆಯ ಸಂಜೆ ತಿರುಗಿಸಿ ಕೂಡಲೇ ಆರಿಸಿದಳು. ಮೂರನೆಯ ಸಂಜೆಯಿಂದ ರೇಡಿಯೋದ ಮೇಲೆ ಮತ್ತೆ ಕೌದಿ ಬಂತು. ಯಾಕೆ, ಚೆನ್ನಾಗಿಲ್ಲವೇ ಎಂದು ಕೇಳಿದೆ. "ಚಲೋ ಆಗೇತಿ ಬಿಡು. ಮುಟ್ಟಿದ್ರ ಸಾಕು, ಒದರತೈತಿ" ಎಂದು ಹೂಬತ್ತಿ ಹೊಸೆಯತೊಡಗಿದಳು. ಸ್ಪೀಕರಿನ ತಪ್ಪಿರಬೇಕು ಎಂದುಕೊಂಡು ನಾನು ಅದನ್ನೂ ಬದಲಿಸುವ ಯೋಚನೆಯಲ್ಲಿದ್ದೆ.

ವಿಷಯ ತಿಳಿಸಿದವಳು ಗಿರಿಜಾ. "ಅತ್ತಿ ಹಾಡು ಕೇಳಾಕ ರೇಡಿಯೋ ಹಚ್ಚತಿದ್ರು ಅಂತ ತಿಳ್ಕೊಂಡೀರೇನು?" ಎಂದಳು. ಅವಳು ಅಡಿಗೆಮನೆಯಿಂದ ಎಷ್ಟೋ ಸಂಜೆ ಕೇಳಿಸಿಕೊಂಡಿದ್ದಳಂತೆ. ಅವ್ವ ಸ್ವಿಚ್ಚು ತಿರುಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಂದಿನ ಸಮಾಚಾರವನ್ನೆಲ್ಲ ಅಪ್ಪನಿಗೆ ಒಪ್ಪಿಸುತ್ತಿದ್ದಳಂತೆ. ನಲ್ಲಿಯಲ್ಲಿ ನೀರು ಬರಲಿಲ್ಲ. ಮೊಣಕಾಲಿನ ಬಾವು ಇಳಿದಿದೆ. ಎದುರುಮನೆಯವರು ನುಗ್ಗೆಕಾಯಿ ಕೊಟ್ಟರು. ಮಗ ಮನೆಗೆ ಬಂದಿದ್ದಾನೆ, ಪೇಪರು ಹಿಡಿದಿದ್ದಾನೆ, ಪಾಪ, ಅವನಿಗೆ ಹೊತ್ತಿಲ್ಲ. ಇಷ್ಟು ಹೇಳುವಷ್ಟರಲ್ಲಿ ಹಾಡು ಬರುತ್ತಿತ್ತು, ಅವ್ವ ಸುಮ್ಮನಾಗುತ್ತಿದ್ದಳು. ನಾನು ವಚನವೆಂದುಕೊಂಡದ್ದು ಇದನ್ನು.

ಅವ್ವನ ಪಕ್ಕದಲ್ಲಿ ಹೋಗಿ ಕೂತೆ. ರೇಡಿಯೋ ಇಲ್ಲದೆಯೂ ಹೇಳಬಹುದಲ್ಲ ಎಂದು ಪೆದ್ದನಂತೆ ಕೇಳಿದೆ. ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಅವ್ವ ಹೇಳಿದಳು: "ಅದ್ಹೆಂಗಪಾ? ಅವರು ಕೇಳತಿದ್ದದ್ದ ಅಷ್ಟೊತ್ತು. ಆಗ ನಿಮ್ಮದೆಲ್ಲ ಮುಗದು ನನ್ನ ಪಾಳಿ ಬರೂದ್ರಾಗ ಹಾಡು ಬಂದುಬಿಡ್ತಿತ್ತು. ಈಗ ಪೂರಾ ನನಗ ಸಿಕ್ಕಿತ್ತು ನೋಡು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗದಗಿನಲ್ಲಿ ಶಾಲೆಯ ಜಗಳ ವರ್ಣಿಸುತ್ತಾ ಅವಳ ಪಾಳಿ ತಿಂದವನು ನಾನು. ಇಷ್ಟು ವರ್ಷ ಕಾದು ಅವಳು ಪಡೆದ ಪಾಳಿಯನ್ನು ಟ್ರಾನ್ಸ್‌ಫಾರ್ಮರ್ ಸುತ್ತಿಸಿ ತಂದು ಮತ್ತೆ ತಿಂದವನೂ ನಾನೇ.

ಮರುದಿನ ರಜೆ ಹಾಕಿ ರೇಡಿಯೋ ಹೊತ್ತುಕೊಂಡು ನಂಜಪ್ಪನವರಲ್ಲಿಗೆ ಹೋದೆ. ಟ್ರಾನ್ಸ್‌ಫಾರ್ಮರ್ ಕಿತ್ತುಹಾಕಿ ಎಂದೆ. ಕಿತ್ತರು. ಆಮೇಲೆ ತಡವರಿಸುತ್ತಾ, ನಲವತ್ತು ಇದ್ದದ್ದನ್ನು ಒಂದು ಅರವತ್ತು ಸೆಕೆಂಡು ಮಾಡಲು ಬರುತ್ತದೆಯೇ ಎಂದು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಕೊರಳಿನ ವಾಚನ್ನೂ ನನ್ನನ್ನೂ ನೋಡಿದರು. "ಬೇಗ ಮಾಡ್ಕೊಡಿ ಅಂತ ಎಲ್ಲಾರೂ ಬರ್ತಾರೆ ಸಾರ್. ನಿಧಾನ ಮಾಡ್ಕೊಡಿ ಅಂತ ಬಂದೋರು ನೀವೊಬ್ರೇ" ಎಂದರು. ಆಮೇಲೆ, ನೋಡಾಣ ಎಂದರು. ವಾಲ್ವುಗಳಿಗೆ ಕರೆಂಟು ಹೋಗುವ ದಾರಿಯಲ್ಲಿ ಏನೋ ಒಂದು ಚಿಕ್ಕ ಬಿಲ್ಲೆಯನ್ನು ಬೆಸೆದು, ಇನ್ನು ಇವು ನಿಧಾನವಾಗಿ ಕಾಯುತ್ತವೆ, ಅವುಗಳ ಆಯಸ್ಸಿಗೂ ಒಳ್ಳೆಯದು ಎಂದರು.

ಸಂಜೆ ಅವ್ವನಿಗೆ ಎಲ್ಲ ವಿವರಿಸಿದೆ. ಮೊದಲಿನ ನಲವತ್ತು ನಿನ್ನದು, ಹೆಚ್ಚಿಗೆ ಬಂದ ಇಪ್ಪತ್ತು ನನ್ನದು ಎಂದು ಪಾಲು ಮಾಡಿದೆ. ಅವಳು ಒಪ್ಪಿದಳು. ಅಪ್ಪನಿಗೆ ಹೇಳಬೇಕಾದದ್ದನ್ನು ಮಧ್ಯಾಹ್ನದಿಂದಲೇ ಹೊಂದಿಸಿಕೊಂಡಿದ್ದೆ. ನೌಕರಿ ಸಿಕ್ಕಿದೆ ಎಂದು ಹೇಳಬೇಕು; ಅವರು ಅದನ್ನು ಕಂಡಿರಲಿಲ್ಲ. ಮೀಸೆ ನೆರೆತಿದೆ. ಅವ್ವನ ಪಾಳಿ ತಿನ್ನುತ್ತಿದ್ದವನು ನಾನೇ, ತಪ್ಪಾಯಿತು. ನೀವು ಕೇಳದೆ ಬಹಳ ದಿನವಾಯಿತು. ಕಡಿಮೆ ಮಾತಿನಲ್ಲಿ ಕೂರಿಸಿ ನೋಡಿದೆ. ಹದಿನೆಂಟು ಸೆಕೆಂಡಿನಲ್ಲಿ ಆಗುತ್ತಿತ್ತು.

ದೀಪ ಹಚ್ಚಿ ಇಬ್ಬರೂ ಕೂತೆವು. ಅವ್ವ ಸ್ವಿಚ್ಚು ತಿರುಗಿಸಿ ಶುರುಮಾಡಿದಳು. ನೀರು, ಮೊಣಕಾಲು, ಗಿರಿಜಾಳ ಕೆಮ್ಮು, ಎದುರುಮನೆಯವರ ಮಗಳ ನಿಶ್ಚಿತಾರ್ಥ, ಬೀಗರು ಉಡಿಸಿದ ಸೀರೆಯ ಬಣ್ಣ, ಅದರ ಅಂಚು, ಅಂಥದ್ದೇ ಅಂಚು ತನ್ನ ಮದುವೆಯ ಸೀರೆಗೂ ಇದ್ದದ್ದು. ಎಲ್ಲವನ್ನೂ ಬುಡದಿಂದ. ಮಗ ಇವತ್ತು ಪೇಪರು ಹಿಡಿಯದೆ ಪಕ್ಕದಲ್ಲಿ ಕೂತಿದ್ದಾನೆ ಎಂಬುದೂ ಬಂತು. ಹಸಿರು ಕಣ್ಣು ತೆರೆಯುತ್ತಾ ಬಂತು. ನನ್ನ ಕೈ ತಾನಾಗಿ ಸ್ಟಾಪ್‌ವಾಚಿನ ಕಡೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಆದರೂ ಇಷ್ಟು ವರ್ಷದ ಅನುಭವದಿಂದ ಹೇಳಬಲ್ಲೆ, ಅವ್ವ ನನ್ನ ಕಡೆ ತಿರುಗಿ "ಹೂಂ, ಇನ್ನ ನೀ ಹೇಳು" ಎಂದಾಗ ಉಳಿದಿದ್ದದ್ದು ಎರಡೇ ಸೆಕೆಂಡು.

ಎರಡು ಸೆಕೆಂಡಿನಲ್ಲಿ ಅಪ್ಪಾ ಎನ್ನುವುದಷ್ಟೇ ಸಾಧ್ಯ. ಅಂದೆ. ಹಾಡು ಬಂತು. ಅವ್ವ ಒಂದು ಬೆರಳೆತ್ತಿದಳು.