ತಲೆ ಹಾಕದ ನೆರೆಯವರು

ಗಂಡನ ಕರ್ಮಗಳೆಲ್ಲ ಮುಗಿದು, ಯಾರೂ ಉಪ್ಪಿಟ್ಟಿನ ಡಬ್ಬಿ ಹಿಡಿದು ಬಾಗಿಲು ತಟ್ಟದ ಮೊದಲ ಬೆಳಿಗ್ಗೆ ಹರಿಣಿಯ ಕಾರು ಸ್ಟಾರ್ಟ್ ಆಗಲಿಲ್ಲ.

ಕೀಲಿ ತಿರುಗಿಸಿದಾಗಲೆಲ್ಲ ಅದು ಸಭೆಯಲ್ಲಿ ಎದ್ದು ನಿಂತ ಮುದುಕನ ಹಾಗೆ ಕೆಮ್ಮಿ, ಹೇಳಬೇಕಾದ ಮಾತು ಮರೆತು ಸುಮ್ಮನಾಗುತ್ತಿತ್ತು. ಬ್ಯಾಟರಿ ಹಳೆಯದು. 'ಈ ಶನಿವಾರ ಬದಲಾಯಿಸ್ತೀನಿ' ಎಂದು ವಿಕ್ರಮ್ ಯುಗಾದಿಯಿಂದ ಹೇಳುತ್ತಿದ್ದ. ಶನಿವಾರಗಳೇನೋ ಬರುತ್ತಲೇ ಇವೆ.

ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇತ್ತು. ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ತಂದುಕೊಳ್ಳುವ ಆ ಕೆಂಪು ಕಪ್ಪು ತಂತಿಗಳನ್ನೂ ವಿಕ್ರಮ್ ಎದುರು ಮನೆಯ ಉದಯಶಂಕರ ಅಂಕಲ್ ಹತ್ತಿರ ಎರವಲು ತಂದಿದ್ದ. ಸ್ಯಾನ್ ಡಿಯೇಗೊದ ಮೀರಾ ಮೇಸಾದ ಆ ಅಪಾರ್ಟ್‌ಮೆಂಟಿನ ಉಳಿದ ಕಾರುಗಳೆಲ್ಲ ಆಗಲೇ ಸೊರೆಂಟೊ ವ್ಯಾಲಿಯ ಆಫೀಸುಗಳಿಗೆ ಹೊರಟುಹೋಗಿದ್ದವು. ಇದ್ದದ್ದು ರಿಟೈರಾದ ಅಂಕಲ್ ಅವರ ಬಿಳಿ ಕ್ಯಾಮ್ರಿ ಒಂದೇ.

ಹನ್ನೊಂದಕ್ಕೆ, ಎರಡು ಗಂಟೆ ದಾರಿಯ ಲಾಸ್ ಏಂಜಲೀಸಿನಲ್ಲಿ, ಅವಳ ಇಂಟರ್‌ವ್ಯೂ. ಆಗ್ನೇಯ ಏಷ್ಯಾದ ರಾಜಕೀಯವನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಸಂಶೋಧಕಿಯ ಕೆಲಸ. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಗಂಡ ಹೋದ ಮೇಲೆ ವೀಸಾ ಎಲ್ಲಿಯದು? ಈ ಕೆಲಸ ಸಿಕ್ಕರೆ ವಿಕ್ರಮ್ ಇದ್ದ ನಾಡಿನಲ್ಲಿ, ಅವನ ಬೂದಿ ಸೇರಿದ ಕಡಲಿನ ಪಕ್ಕ, ಅವಳೂ ಉಳಿಯಬಹುದು. ಇಲ್ಲದಿದ್ದರೆ ಬೆಂಗಳೂರು, ಭಾವನ ಮನೆಯ ಹಿಂದಿನ ರೂಮು.

ಅದು ೨೦೦೮ರ ಜೂನ್. ಅವಳು ಅರ್ಜಿಯ ಜೊತೆ ಕಳಿಸಿದ್ದ ಲೇಖನ ಹಿಂದಿನ ತಿಂಗಳು ಬರ್ಮಾಕ್ಕೆ ಬಡಿದ ಚಂಡಮಾರುತದ ಬಗ್ಗೆ. ಜನ ನೀರಿನಲ್ಲಿ ಕೊಚ್ಚಿಹೋಗಿದ್ದರೂ ಅಲ್ಲಿನ ಸೈನಿಕ ಸರ್ಕಾರ ಹೊರಗಿನ ನೆರವನ್ನು ಹೊಸ್ತಿಲಲ್ಲೇ ತಡೆದಿತ್ತು. ನೆರೆಯ ಸರ್ಕಾರಗಳೋ, ಇನ್ನೊಬ್ಬರ ಮನೆ ವಿಷಯಕ್ಕೆ ತಲೆ ಹಾಕುವುದು ನಮ್ಮ ಪದ್ಧತಿಯಲ್ಲ ಎಂದು ಬಹಳ ದಿನ ಮೆತ್ತಗೆ ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದವು. ಹರಿಣಿ ಸಿಟ್ಟಿನಿಂದ ಬರೆದಿದ್ದಳು: 'ಬೆಂಕಿ ಬಿದ್ದ ಮನೆಯ ಮುಂದೆ ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಕೇಳುವುದು ಸಭ್ಯತೆಯಲ್ಲ.'

"ಅಂಕಲ್, ಸ್ವಲ್ಪ ಜಂಪ್ ಕೊಡ್ತೀರಾ? ಐದು ನಿಮಿಷ ಸಾಕು."

ಅಂಕಲ್ ಗಡಿಯಾರ ನೋಡಿದರು. "ಸೋಮವಾರ ಕಣಮ್ಮ. ಏಳೂವರೆಯಿಂದ ಒಂಬತ್ತು ರಾಹುಕಾಲ. ನಾವು ಯಾರ ವಿಷಯಕ್ಕೂ ತಲೆ ಹಾಕೋರಲ್ಲ. ಆದ್ರೆ ಇಷ್ಟೆಲ್ಲ ಆದ್ಮೇಲೂ ರಾಹುಕಾಲದಲ್ಲಿ ಹೊರಡ್ತೀನಿ ಅಂತೀಯಲ್ಲ?"

ಅಡುಗೆಮನೆಯಿಂದ ಕುಮುದಾ ಆಂಟಿ ಕೂಗಿದರು. "ರೀ, ಇದು ಬೇಸಿಗೆ ಟೈಮು. ಇಲ್ಲಿಯವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದಾರೆ. ಅದು ರಾಹುಗೆ ಗೊತ್ತಾ? ಎಂಟೂವರೆಯಿಂದ ಹತ್ತು ಅನ್ನಿ."

"ಕ್ಯಾಲೆಂಡರಲ್ಲಿ ಏಳೂವರೆ ಅಂತಿದೆ ಕಣೇ!"

"ಕ್ಯಾಲೆಂಡರು ಚಿಕ್ಕಪೇಟೆಯಲ್ಲಿ ಪ್ರಿಂಟಾಗಿದ್ದು!"

ಬಹಳ ಹೊತ್ತಿನ ಮಾತುಕತೆಯ ನಂತರ ಇಬ್ಬರೂ ಒಮ್ಮತಕ್ಕೆ ಬಂದರು. ಮನೆಯಲ್ಲಿ ಜಗಳವೇಕೆ, ಇಬ್ಬರ ರಾಹುಕಾಲವನ್ನೂ ಬಿಡುವುದು. ಅಂದರೆ ಹತ್ತರವರೆಗೆ ಕ್ಯಾಮ್ರಿ ಅಲ್ಲಾಡುವಂತಿಲ್ಲ.

"ಅಂಕಲ್, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ!"

"ನಿನಗಿಲ್ದಿದ್ರೆ ಬಿಡಮ್ಮ. ಕಾರು ನಮ್ದಲ್ವಾ? ಲೇಟಾಗುತ್ತೆ ಅಂತ ನಾನೇ ಫೋನ್ ಮಾಡ್ತೀನಿ, ನಂಬರ್ ಕೊಡು. ನೀನು ಅಳ್ತಾ ಮಾತಾಡಿದ್ರೆ ಚೆನ್ನಾಗಿರಲ್ಲ."

"ನಾನು ಅಳ್ತಿಲ್ಲ ಅಂಕಲ್."

"ಅದೇ ನಮಗೆ ಭಯ," ಎಂದರು ಆಂಟಿ, ಉಪ್ಪಿಟ್ಟಿನ ತಟ್ಟೆಯನ್ನು ಅವಳ ಮುಂದಿಟ್ಟು.

ಅಂಕಲ್ ಫೋನು ಹಿಡಿದು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಲೇಟಾಗುತ್ತೆ ಎನ್ನಲು ಎರಡು ಮಾತು ಸಾಕು. ಅವರ ಕೈಗಳು ಮಾತ್ರ ಯಕ್ಷಗಾನದ ವೇಷಧಾರಿಯ ಕೈಗಳಂತೆ ಬಹಳ ಹೊತ್ತು ಗಾಳಿಯಲ್ಲಿ ಆಡಿದವು.

ಹತ್ತಾಯಿತು. ರಾಹು ತೊಲಗಿದ, ಕಾರು ಎದ್ದಿತು. ಫ್ರೀವೇಯಲ್ಲಿ ಕಾರುಗಳು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರಂತೆ ಒಂದರ ಬೆನ್ನಿಗೊಂದು ಅಂಟಿ ನಿಂತಿದ್ದವು. ಅವಳು ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಸಂಸ್ಥೆಯ ಮುಖ್ಯಸ್ಥೆ ವುಲಾನ್ ಜಕಾರ್ತಾದವರು. ಟಿಶ್ಯೂ ಡಬ್ಬಿ ಹಿಡಿದೇ ಎದುರು ಬಂದರು.

"ನಿಮ್ಮ ಲೇಖನ ನಮಗೆಲ್ಲ ತುಂಬಾ ಇಷ್ಟವಾಗಿತ್ತು. ನಿಮ್ಮನ್ನೇ ತೆಗೆದುಕೊಳ್ಳೋಣ ಅಂತಿದ್ದೆವು."

"ಅಂತಿದ್ದಿರಾ?"

"ಬೆಳಿಗ್ಗೆ ನಿಮ್ಮ ಅಂಕಲ್ ಫೋನ್ ಮಾಡಿದರು. ನೀವು ಊರಿಗೆ ಮರಳಬೇಕು ಅಂತ ಕುಟುಂಬ ತೀರ್ಮಾನಿಸಿದೆಯಂತೆ. ದಯವಿಟ್ಟು ಆ ಹುಡುಗಿಯ ಮೇಲೆ ಒತ್ತಡ ಹಾಕಬೇಡಿ ಅಂದರು. ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆವು."

"ಅವರು ನನ್ನ ಕುಟುಂಬ ಅಲ್ಲ! ಎದುರು ಮನೆಯವರು! ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

ವುಲಾನ್ ಟಿಶ್ಯೂ ಡಬ್ಬಿಯನ್ನು ಇನ್ನಷ್ಟು ಹತ್ತಿರ ತಳ್ಳಿದರು. "ಅದು ನಿಮ್ಮ ಕುಟುಂಬದ ಆಂತರಿಕ ವಿಷಯ. ನಾವು ತಲೆ ಹಾಕೋದು ಹೇಗೆ?"

ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೇನೆಯೇ ಎಂದು ಹರಿಣಿ ಒಮ್ಮೆ ಕಾಲು ನೋಡಿಕೊಂಡಳು. ಟಿಶ್ಯೂ ತೆಗೆದುಕೊಳ್ಳದೆ ಹೊರಟುಬಂದಳು.

ದಾರಿಯಲ್ಲಿ ಕಡಲ ಮಂಜು ಕವಿದಿತ್ತು. ಹೆಡ್‌ಲೈಟ್ ಹಾಕಿಕೊಂಡು, ಸ್ಯಾನ್ ಡಿಯೇಗೊ ಬರುವವರೆಗೂ ಅಂಕಲ್‌ಗೆ ಆಡಬೇಕಾದ ಮಾತುಗಳನ್ನು ಮಸೆದಳು. ಕಾರು ನಿಲ್ಲಿಸಿದವಳೇ ಕೇಬಲ್ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಎದುರು ಮನೆಯ ಬಾಗಿಲು ಅರೆ ತೆರೆದಿತ್ತು.

"ಬಾಯ್ಮುಚ್ಚೇ!" ಒಳಗೆ ಅಂಕಲ್ ಅಬ್ಬರಿಸುತ್ತಿದ್ದರು. "ಆ ಹುಡುಗಿ ಕೆಲಸ ತಪ್ಪಿಸಿದ್ದು ಸರಿಯಲ್ಲ ಅಂತ ನನಗೇ ಹೇಳ್ತೀಯಾ? ಒಗ್ಗರಣೆ ಬಿಟ್ರೆ ನಿನಗೇನೇ ಗೊತ್ತು, ದಡ್ಡಮುಂಡೇದೇ!"

ಆಂಟಿಯ ಬಿಕ್ಕು ಕೇಳಿಸಿತು. ಮಸೆದ ಮಾತುಗಳೆಲ್ಲ ಹರಿಣಿಗೆ ಮರೆತುಹೋದವು. ಬಾಗಿಲು ತಳ್ಳಿ, ಚಪ್ಪಲಿ ಬಿಡದೆ ಒಳಗೆ ನುಗ್ಗಿದಳು.

"ಅಂಕಲ್! ಆಂಟಿ ಹತ್ರ ಹೀಗಾ ಮಾತಾಡೋದು? ನಾಚಿಕೆ ಆಗಲ್ವಾ ನಿಮಗೆ?"

ಆಂಟಿ ಕಣ್ಣೊರೆಸಿಕೊಂಡರು, ಸೆರಗು ಸರಿಮಾಡಿಕೊಂಡರು, ಹೋಗಿ ಗಂಡನ ಪಕ್ಕದಲ್ಲಿ ನಿಂತರು.

"ಹರಿಣಿ, ಇದು ನಮ್ಮನೆ ವಿಷಯ. ಗಂಡ ಹೆಂಡ್ತಿ ಮಧ್ಯೆ ನೀನು ಬರಬೇಡಮ್ಮ."

"ನಾವು ಯಾವತ್ತಾದ್ರೂ ನಿನ್ನ ವಿಷಯಕ್ಕೆ ತಲೆ ಹಾಕಿದೀವಾ?" ಎಂದರು ಅಂಕಲ್, ನಿಜವಾಗಿಯೂ ನೊಂದು.

"ಹಾಗಾದ್ರೆ ಬೆಳಿಗ್ಗೆ ಫೋನಲ್ಲಿ ಮಾತಾಡಿದ್ದು?"

"ಅದು ಕಾಳಜಿ!" ಇಬ್ಬರೂ ಒಟ್ಟಿಗೇ ಅಂದರು. ಬೆಳಗಿನಿಂದ ಅದು ಅವರ ಎರಡನೇ ಒಮ್ಮತ.

ಕಾಳಜಿಯ ವಿವರಣೆ ಕತ್ತಲಾಗುವವರೆಗೆ ನಡೆಯಿತು. ಭಾವನ ಹತ್ತಿರ ಮಾತಾಡಿಯಾಗಿತ್ತು, ಗುರುವಾರಕ್ಕೆ ಟಿಕೆಟ್ ಸಿಗುವಂತಿತ್ತು, ರಾಹುಕಾಲ ನೋಡಿಯೇ ಬುಕ್ ಮಾಡಿಸುವುದಿತ್ತು. ಹರಿಣಿ ಎದ್ದು ನಿಂತು ಕೇಬಲ್ ಚಾಚಿದಳು.

"ಇದು ನಿಮ್ದು ಅಂಕಲ್. ವಿಕ್ರಮ್ ತಂದಿದ್ದು."

ಅಂಕಲ್ ಬಾಲ್ಕನಿಯಿಂದ ಕೆಳಗೆ ನೋಡುತ್ತಿದ್ದರು. "ಇಟ್ಕೊಳಮ್ಮ. ಬೆಳಿಗ್ಗೆ ಬೇಕಾಗುತ್ತೆ ನಿನಗೆ."

ಅವಳೂ ನೋಡಿದಳು. ಸಿಟ್ಟಿನಲ್ಲಿ ಆರಿಸದೆ ಬಂದ ಹೆಡ್‌ಲೈಟುಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಅವಳು ನೋಡುತ್ತಿದ್ದಂತೆಯೇ ಒಮ್ಮೆ ಮಿಣುಕಿ ಆರಿದವು.

ಹರಿಣಿ ಕೆಂಪು ತಂತಿಯನ್ನೂ ಕಪ್ಪು ತಂತಿಯನ್ನೂ ವಿಕ್ರಮ್ ಸುತ್ತುತ್ತಿದ್ದ ಹಾಗೆಯೇ ನೀಟಾಗಿ ಸುತ್ತಿ, ಅಂಕಲ್ ಕೈಯಲ್ಲಿಟ್ಟಳು.