ಚಪ್ಪಡಿಯ ಕೆಳಗಿನ ಸಂಪತ್ತು

ಇಡೀ ಬೀದಿಯಲ್ಲಿ ತನ್ನ ಮನೆಯಷ್ಟು ಸ್ವಚ್ಛವಾದ ಮನೆ ಇನ್ನೊಂದಿಲ್ಲ ಎಂದು ಟೈಲರ್ ಹೆಂಡತಿಗೆ ಖಾತ್ರಿಯಿತ್ತು. ಅಂಥ ಮನೆಗೇ ಮಳೆ ಬಂದಾಗಲೆಲ್ಲ ಊರ ಕೊಳಕು ನೀರು ಹೇಳದೆ ಕೇಳದೆ ನೆಂಟನಂತೆ ಒಳಗೆ ಬಂದು ಕೂರುತ್ತಿತ್ತು. ಬೀದಿ ಇಳಿಜಾರು, ಇವರದು ಕೊನೆಯ ಮನೆ. ಹೋದ ವರ್ಷದ ಮಳೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಹಾರಾಜ ಮಹಾರಾಣಿಯರ ಹಾಗೆ ಕಾಲು ಮಡಚಿ ಕುಳಿತು, ಗಿರಾಕಿಗಳ ಬಟ್ಟೆ ಕೆಳಗೆ ತೇಲುವುದನ್ನು ನೋಡಿದ್ದರು. (ಒಂದು ಪ್ಯಾಂಟು ತಾನೇ ನಡೆದುಕೊಂಡು ಬಾಗಿಲ ತನಕ ಹೋಗಿತ್ತು.)

"ಇನ್ನೊಂದು ಸಲ ನೀರು ನುಗ್ಗಿದರೆ ಮೆಷಿನ್ನೂ ಹೋಯ್ತು, ಗಿರಾಕಿಗಳೂ ಹೋದರು. ಆಮೇಲೆ ಈ ಮನೆ ಬಿಡೋದೇ," ಎಂದು ಈ ಸಲ ಮೋಡ ಕಟ್ಟುವ ಮೊದಲೇ ಅವಳು ರಾಗ ತೆಗೆದಳು.

"ಬಿಡೋದು ಬೇಡ ಮಹಾತಾಯಿ. ನನಗೊಂದು ಉಪಾಯ ಹೊಳೆದಿದೆ."

"ನಿಮಗೆ ಉಪಾಯ ಹೊಳೆದಾಗಲೆಲ್ಲ ನನಗೆ ಬೆನ್ನು ನೋವು ಬರುತ್ತೆ ಕಣ್ರೀ."

ಉಪಾಯವೇನೋ ಸರಳವಾಗಿತ್ತು. ಅವರವರ ಮನೆ ಮುಂದಿನ ಚರಂಡಿಯನ್ನು ಅವರವರು ತೆಗೆದರೆ ಬೀದಿಯ ಚರಂಡಿಯೆಲ್ಲ ತೆಗೆದ ಹಾಗೇ ತಾನೇ. ಟೈಲರ್ ಮನೆಮನೆಗೂ ಹೋಗಿ ಹೇಳಿ ಬಂದ. ರಜೆಯ ದಿನ ಎಲ್ಲರೂ ಸಲಿಕೆ ಹಿಡಿದು ಇಳಿದರು. ಬೀದಿಯ ಮೇಲ್ತುದಿಯಲ್ಲಿದ್ದ ಅಜ್ಜಿಯ ಮನೆಯವರು ತಮ್ಮ ಹೂಳನ್ನು ನರ್ಸಮ್ಮನ ಮನೆ ಮುಂದಕ್ಕೆ ನೂಕಿದರು. ನರ್ಸಮ್ಮ ಅದಕ್ಕೆ ತನ್ನದನ್ನೂ ಸೇರಿಸಿ ಬೇಕರಿಯವನ ಕಡೆಗೆ ದಾಟಿಸಿದಳು. ಬೇಕರಿಯವ ಇನ್ನೂ ಧಾರಾಳಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮನೆ ಮುಂದೆಯೂ ಚರಂಡಿ ತೊಳೆದ ತಟ್ಟೆಯಂತಿತ್ತು. ಟೈಲರ್ ಮನೆ ಮುಂದೆ ಮಾತ್ರ ಒಂದು ಪರ್ವತ ಎದ್ದಿತ್ತು. ಯಾರದೂ ಕೆಟ್ಟ ಮನಸ್ಸಲ್ಲ. ಹೇಳಿದ್ದನ್ನು ಶಿರಸಾವಹಿಸಿ ಪಾಲಿಸಿದ್ದರು, ಅಷ್ಟೆ.

"ನಿಮ್ಮ ಉಪಾಯ ಬಂದು ಬಾಗಿಲಲ್ಲಿ ನಿಂತಿದೆ. ಒಳಗೆ ಕರೀರಿ," ಎಂದಳು ಹೆಂಡತಿ.

ಟೈಲರ್ ಬಾಯಿ ತೆರೆಯುವ ಮೊದಲೇ ಮೇಲ್ಮನೆ ಅಜ್ಜಿ ಕೋಲೂರಿಕೊಂಡು ಇಳಿದು ಬಂದಳು. ಪರ್ವತವನ್ನು ನೋಡಿದಳು, ತಿರುಗಿ ಬೀದಿಯವರನ್ನು ನೋಡಿದಳು.

"ಏನ್ರಪ್ಪಾ, ನಮ್ಮ ಕೊಳೆಯನ್ನೆಲ್ಲ ಇವರ ತಲೆ ಮೇಲೆ ಹಾಕಿ ಊಟಕ್ಕೆ ಹೊರಟಿರಾ? ಬನ್ನಿ ಎಲ್ಲಾ ಇಲ್ಲಿ. ಕೆಳಗಿಂದ ಶುರು ಮಾಡಿ. ತೆಗೆದದ್ದನ್ನ ಗಾಡಿಗೆ ತುಂಬಿ, ಪಕ್ಕದ ಮನೆಗಲ್ಲ."

ಬಂದರು. ಹಸಿದ ಹೊಟ್ಟೆಯಲ್ಲೇ ಬಂದರು. ರಾತ್ರಿ ಪಾಳಿ ಮುಗಿಸಿ ಕಣ್ಣು ಕೂಡ ಮುಚ್ಚದ ನರ್ಸಮ್ಮ ಕೆಸರಿನಲ್ಲಿ ನಿಂತು ಬಾಂಡಲಿ ತುಂಬಿ ತುಂಬಿ ಕೊಟ್ಟಳು. ಬೇಕರಿಯವ ಬ್ರೆಡ್ ಸಾಗಿಸುವ ಗಾಡಿಯನ್ನೇ ತಂದು ನಿಲ್ಲಿಸಿದ. (ಆಮೇಲೆ ಕೆಲವು ದಿನ ಯಾರೂ ಅವನ ಬ್ರೆಡ್ ಮುಟ್ಟಲಿಲ್ಲ. ಪಾಪ, ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ.) ಬೆಳಗಿನಿಂದ ಇವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದ ಟೈಲರ್ ಹೆಂಡತಿ ಸೆರಗು ಸಿಕ್ಕಿಸಿಕೊಂಡು ತಾನೂ ಒಂದು ಬಾಂಡಲಿ ಹಿಡಿದಳು.

ಪರ್ವತ ಕರಗಿತು. ಆದರೂ ಚರಂಡಿಯಲ್ಲಿ ನಿಂತ ನೀರು ಕದಲಲಿಲ್ಲ. ಬೇಕರಿಯವ ಟೈಲರ್ ಮನೆ ಬಾಗಿಲಲ್ಲಿ ಚರಂಡಿಯ ಮೇಲೆ ಹಾಸಿದ್ದ ಕಲ್ಲು ಚಪ್ಪಡಿಯ ಕೆಳಗೆ ಹಾರೆ ತೂರಿಸಿದ. ಏನೋ ಮೆತ್ತಗೆ ಸಿಕ್ಕಿತು. ಎಳೆದ, ಬಂತು. ಎಳೆದಷ್ಟೂ ಬಂತು. ನೀಲಿ, ಹಳದಿ, ಹೂವಿನದು, ಗೀರಿನದು. ವರ್ಷಗಳ ಚಿಂದಿಯೆಲ್ಲ ಹಗ್ಗದಂತೆ ಹೊಸೆದುಕೊಂಡು ಚರಂಡಿಗೆ ಬಿರಡೆ ಜಡಿದಿತ್ತು.

ನರ್ಸಮ್ಮ ಒಂದು ತುಂಡನ್ನು ಹಿಂಡಿ ಬೆಳಕಿಗೆ ಹಿಡಿದಳು. "ಇದು ನಮ್ಮ ಪರದೆ ಬಟ್ಟೆ ಅಲ್ವಾ? ಒಂದು ಗೇಣೂ ಮಿಕ್ಕಿಲ್ಲ ಅಂದಿದ್ರಿ ಅಣ್ಣ."

"ನನ್ನ ಅಂಗಿಗೆ ಜೇಬಿಡೋಕೆ ಬಟ್ಟೆ ಸಾಲಲಿಲ್ಲ ಅಂದಿದ್ರು," ಎಂದ ಬೇಕರಿಯವ. "ಇಲ್ಲಿ ನೋಡಿದ್ರೆ ಕೋಟು ಹೊಲಿಯೋಷ್ಟಿದೆ."

ಟೈಲರ್ ಹೆಂಡತಿ ಕಲ್ಲಾಗಿ ನಿಂತಳು. ದಿನಾ ಸಂಜೆ ಚಿಂದಿ ಗುಡಿಸಿ, ಚಪ್ಪಡಿಯ ಸಂದಿಗೆ ನೂಕಿ, ಮೇಲೊಂದು ಬಕೆಟ್ ನೀರು ಹೊಯ್ದು ನೆಮ್ಮದಿಯಾಗಿ ಒಳಗೆ ಹೋಗುತ್ತಿದ್ದವಳು ಅವಳೇ. ಆ ಮನೆಯ ಜಗದ್ವಿಖ್ಯಾತ ಸ್ವಚ್ಛತೆಯ ಗುಟ್ಟು ಅದೇ ಆಗಿತ್ತು. ಗಂಡ ಅವಳ ಬಿಳಿಚಿದ ಮುಖವನ್ನೊಮ್ಮೆ ನೋಡಿದ.

"ನಂದೇ ತಪ್ಪು," ಎಂದ. "ಕತ್ತರಿಸಿದ್ದನ್ನೆಲ್ಲ ನಾನೇ ಇಲ್ಲಿಗೆ ತಳ್ತಿದ್ದೆ. ಬುದ್ಧಿ ಇರಲಿಲ್ಲ."

ಇನ್ನು ಜಗಳವೇ ಎಂದುಕೊಂಡಳು ಅವಳು. ಬೀದಿಯವರು ನಕ್ಕರು. ಅಂಗಿಗೊಂದು ಜೇಬು, ಪರದೆಗೊಂದು ಅಂಚು ಎಂದು ಟೈಲರನಿಗೆ ದಂಡ ಹಾಕಿ, ಬೀದಿಯ ಮೇಲ್ತುದಿಯ ತನಕ ಚರಂಡಿಯನ್ನು ಇನ್ನೊಂದು ಸಲ ಬಳಿದು ಹೋದರು.

"ಯಾಕ್ರೀ ಹಾಗಂದಿರಿ?" ಎಂದು ಅವಳು ಒಳಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು.

"ಹೋಗಲಿ ಬಿಡು. ಬೈಸಿಕೊಳ್ಳೋದು ನನಗಾದರೆ ಅಭ್ಯಾಸ ಇದೆ."

ಮಳೆ ಬಂತು, ಆಕಾಶವೇ ತೂತು ಬಿದ್ದಂತೆ. ನೀರು ಬಾಗಿಲ ಮುಂದಿನಿಂದ ಸರಸರನೆ ಹರಿದು ಹೋಯಿತು. ಹೊಸ್ತಿಲು ಒಣಗಿಯೇ ಇತ್ತು. ಅವಳು ಎಷ್ಟೋ ಹೊತ್ತು ಆ ಒಣ ಹೊಸ್ತಿಲನ್ನೇ ನೋಡುತ್ತಿದ್ದಳು. ಆಮೇಲೆ ಫ್ಲಾಸ್ಕಿನ ತುಂಬ ಟೀ ಮಾಡಿಕೊಂಡು, ಕೊಡೆ ಹಿಡಿದು ಮೇಲ್ಮನೆಗೆ ಹತ್ತಿದಳು. ಅಲ್ಲಿ ಜಗಲಿಯ ಮೇಲೆ ಅಜ್ಜಿಯ ಜೊತೆ ನರ್ಸಮ್ಮ, ಬೇಕರಿಯವ ಇಬ್ಬರೂ ಮಳೆ ನೋಡುತ್ತ ಕುಳಿತಿದ್ದರು.

"ನಿಮ್ಮೆಲ್ಲರ ಋಣ ಹೇಗೆ ತೀರಿಸಲಿ ಅಜ್ಜಿ," ಎಂದಳು. ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಮೆಷಿನ್ನು ಉಳೀತು, ಮನೆ ಉಳೀತು. ನಮ್ಮ ಯಜಮಾನರು ಅಷ್ಟೊಂದು ಚಿಂದಿ ತುರುಕಿದ್ದರೂ ನೀವು ಒಂದು ಕೆಟ್ಟ ಮಾತು ಆಡಲಿಲ್ಲ. ಸ್ವಚ್ಛತೆ ಅಂದರೇನು ಅಂತ ಈಗ ಅವರಿಗೆ ನಾನೇ ಕಲಿಸ್ತಾ ಇದೀನಿ."

ಅಜ್ಜಿ ಒಂದು ಗುಟುಕು ಟೀ ಕುಡಿದಳು. "ಒಳ್ಳೇದು ಕಣಮ್ಮ. ಮೊದಲು ಪೊರಕೆ ಯಾವ ತುದಿ ಹಿಡೀಬೇಕು ಅಂತ ಕಲಿಸು. ನಿನ್ನ ಗಂಡ ಪೊರಕೆ ಮುಟ್ಟಿದ್ದನ್ನ ಈ ಬೀದೀಲಿ ನಾವ್ಯಾರೂ ನೋಡಿಲ್ಲ."

ಬೇಕರಿಯವ ಮಳೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನರ್ಸಮ್ಮ ತುಟಿ ಕಚ್ಚಿಕೊಂಡು ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿ ಅವಳ ಕೈಗಿಟ್ಟಳು. ಆಮೇಲೆ ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.