ಅತ್ತೆಯ ಹೆಸರೂ ಎಮ್ಮೆ ತಿಂದ ತವುಡೂ

ಶಿರಾದ ನಮ್ಮ ಬೀದಿಯಲ್ಲಿ ಯಾರಿಗೆ ಮಗು ಹುಟ್ಟಿದರೂ ಹೆಸರಿನ ಅರ್ಥ ಕೇಳಲು ನನ್ನ ಬಳಿಗೇ ಬರುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು. ಆದರೂ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ! ಇಂಥವನ ಮಗಳಿಗೆ ತವುಡಮ್ಮ ಅಂತ ಹೆಸರಿಡಿ ಎಂದರೆ ಸುಮ್ಮನಿರಲಾದೀತೇ?

ಅದು ಪುರವರದಿಂದ ಬಂದಿದ್ದ ನನ್ನ ಅತ್ತೆಯ ಹೆಸರು. "ಮನೇಲಿ ಕರೆಯಕ್ಕಾದ್ರೂ ಇಡಿ," ಅಂದರು ಅವರೇ.

"ಅಕ್ಕಿಯಲ್ಲ, ಅನ್ನವಲ್ಲ, ಬರೀ ತವುಡು. ಇದಕ್ಕೇನು ಅರ್ಥ ಹೇಳಲಿ?" ಎಂದು ನಕ್ಕೆ. ನಕ್ಕವನು ನಾನೊಬ್ಬನೇ. ಹೆಂಡತಿ ಲತಾ ತಲೆ ಎತ್ತದೆ ತೊಟ್ಟಿಲು ತೂಗುತ್ತಿದ್ದಳು.

ನಾಮಕರಣದ ಬೆಳಿಗ್ಗೆ ಹಿತ್ತಿಲಲ್ಲಿ ಮೊರದ ತುಂಬ ತವುಡು ಕಾಣಿಸಿತು. ನೆಂಟರು ಬರುವ ಹೊತ್ತಿಗೆ ಮನೆ ಚೊಕ್ಕಟವಾಗಿರಲೆಂದು ಅದನ್ನು ಒಯ್ದು ಪಕ್ಕದ ಮನೆಯ ಎಮ್ಮೆಯ ಮುಂದೆ ಸುರಿದೆ. ಎಮ್ಮೆ ನನ್ನ ಸೇವೆಯನ್ನು ಸಂಪೂರ್ಣವಾಗಿ ಸ್ವೀಕರಿಸಿತು. ಒಳಗೆ ಬಂದರೆ ತೊಟ್ಟಿಲು ಖಾಲಿ!

ಮಗು ಪಕ್ಕದ ಮನೆಯ ಜಗಲಿಯಲ್ಲಿ, ಎಮ್ಮೆಯ ಒಡತಿ ಫಾತಿಮಕ್ಕನ ಮಡಿಲಲ್ಲಿತ್ತು. ಅತ್ತೆ, ಲತಾ ಎದುರಿಗೆ ನಿಂತಿದ್ದರು.

"ತಿಪ್ಪೆ ಮ್ಯಾಲೆ ಸಿಕ್ತು ಮೇಷ್ಟ್ರೇ, ಈಗ ನಮ್ದು. ತವುಡು ಕೊಟ್ರೆ ವಾಪಸ್ ಕೊಡ್ತೀನಿ," ಅಂದರು ಫಾತಿಮಕ್ಕ.

"ಏನಿದು ಹುಚ್ಚಾಟ?" ಎಂದೆ.

ಅತ್ತೆ ಹೇಳಿದರು: "ನನಗಿಂತ ಮುಂಚೆ ಹುಟ್ಟಿದ್ವು ಒಂದೂ ಉಳೀಲಿಲ್ಲ. ನಮ್ಮವ್ವ ನನ್ನ ತಿಪ್ಪೆ ಮ್ಯಾಲೆ ಮಲಗಿಸಿ, ಎತ್ಕಂಡೋರಿಗೆ ತವುಡು ಕೊಟ್ಟು ಕೊಂಡ್ಕಂಡ್ಲು. ಇದರ ಬೆಲೆ ಇಷ್ಟೇ ಅಂದ್ರೆ ಸಾವೂ ತಿರುಗಿ ನೋಡಲ್ಲ ಅಂತ. ಅದಕ್ಕೇ ತವುಡಮ್ಮ ಅಂದ್ರು. ನಿಮ್ದೂ ಹೋದ ಸಲ ಅಂಗಾಯ್ತಲ್ಲ."

ನಮ್ಮ ಮೊದಲ ಮಗು ನಾಮಕರಣದವರೆಗೂ ಉಳಿದಿರಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

"ಮೊರದಾಗಿದ್ದ ತವುಡು ಎಲ್ಲಿ?" ಅಂದರು ಅತ್ತೆ. ನಾನು ಎಮ್ಮೆಯ ಕಡೆ ಕೈ ತೋರಿಸಿದೆ.

ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಓಡಿದೆ. ಅಕ್ಕಿ ಮಿಲ್ಲಿಗೆ ಬೀಗ. ಕೊನೆಗೆ ದೊಡ್ಡ ಅಂಗಡಿಯೊಂದರಲ್ಲಿ, ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಗೋಧಿ ತವುಡಿನ ಪೊಟ್ಟಣ ಸಿಕ್ಕಿತು. ಅಕ್ಕಿಗಿಂತ ದುಬಾರಿ!

"ಇರ್ಲಿ ಬುಡಿ," ಅಂದರು ಅತ್ತೆ. "ಕೊಡೋವಾಗ, ಈ ಕೂಸು ಯಾತಕ್ಕೂ ಬರಲ್ಲ, ಇದಕ್ಕೆ ಇದೇ ಜಾಸ್ತಿ ಅಂತ ಬಾಯಲ್ಲಿ ಹೇಳ್ಬೇಕು."

ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವವನು ನಾನು. ಬರೀ ಮಾತು, ಹೇಳಿದರೆ ಏನೂ ಆಗುವುದಿಲ್ಲ. ಬಾಯಿ ತೆರೆದೆ. ಮಗು ನನ್ನ ಬೆರಳು ಹಿಡಿದುಕೊಂಡಿತು. ಹೇಳುವುದಕ್ಕೂ ಭಯ, ಹೇಳದಿರುವುದಕ್ಕೂ ಭಯ.

ಲತಾ ಪೊಟ್ಟಣ ಕಿತ್ತುಕೊಂಡು ಫಾತಿಮಕ್ಕನ ಮುಂದಿಟ್ಟಳು. "ಯಾತಕ್ಕೂ ಬರದ ಕೂಸು. ಕೊಡಿ ಇತ್ಲಾಗೆ," ಅಂದಳು. ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಮಗುವನ್ನು ಎದೆಗವಚಿಕೊಂಡು ಮನೆಗೆ ನಡೆದಳು.

ನನ್ನ ಭಾಷಣಗಳು ಈಗಲೂ ನಡೆದಿವೆ. ಆದರೆ ಮನೆಗೆ ಬಂದವರು ಮಗು ಲಕ್ಷಣವಾಗಿದೆ ಅಂದರೆ ಸಾಕು, ಎಲ್ಲರಿಗಿಂತ ಮೊದಲು ನಾನೇ "ಯಾತಕ್ಕೂ ಬರಲ್ಲ ಬಿಡಿ" ಎನ್ನುತ್ತೇನೆ. ಆಮೇಲೆ ಒಳಗೆ ಹೋಗಿ, ತೊಟ್ಟಿಲಲ್ಲಿ ತವುಡಮ್ಮ ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬರುತ್ತೇನೆ.